ಹುಳದ ಮನೆಯ ಬಾಗಿಲಾಚೆಯ ಮೊಳೆ

ಅಕ್ಕನಿಗೆ ಚಿಕ್ಕಂದಿನಿಂದ ಫಿಟ್ಸ್. ಬಂದರೆ ಬೇಗ ಬಿಡುವುದಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಔಷಧಿಯ ಪರೀಕ್ಷೆಗೆ ಸೇರಿದ್ದಳು. ಫಿಟ್ಸ್ ಶುರುವಾದೊಡನೆ, ಹಲ್ಲು ಕಚ್ಚಿಕೊಳ್ಳುವ ಮೊದಲು, ಒಂದೇ ಉಸಿರಿಗೆ ಒಳಗೆಳೆದುಕೊಳ್ಳುವ ಔಷಧಿ. ವರ್ಷಗಟ್ಟಲೆ ಬಳಸಿದರೆ ಎದೆಗೆ, ಉಸಿರಿಗೆ ತೊಂದರೆಯಿಲ್ಲವೇ ಎಂದು ಅಲ್ಲಿನ ಡಾಕ್ಟರು ನೋಡುತ್ತಿದ್ದರು. ಪ್ರತಿ ಸಲ ಆದದ್ದನ್ನು ಡೈರಿಯಲ್ಲಿ ಬರೆಯುವುದು ನನ್ನ ಕೆಲಸ.

ಮರಳವಾಡಿ ಕಡೆಯ ನಮ್ಮೂರಲ್ಲಿ ರೇಷ್ಮೆಹುಳದ ಮನೆಗೆ ಪೌಡರ್ ಹಚ್ಚಿಕೊಂಡೂ ಹೋಗುವಂತಿಲ್ಲ. ಸೊಳ್ಳೆಬತ್ತಿಯ ಹೊಗೆ ತಾಗಿದರೂ ಹುಳ ಸಾಯುತ್ತವೆ. ಹಾಗಾಗಿ ಔಷಧಿಯ ಚೀಲವನ್ನು ಬಾಗಿಲಾಚೆ ಮೊಳೆಗೆ ನೇತುಹಾಕಿದ್ದೆ. ಅದರಿಂದ ಹುಳಕ್ಕೆ ಏನಾದರೂ ಆದೀತೇ ಎಂದು ಡಾಕ್ಟರನ್ನು ಕೇಳಲಿಲ್ಲ.

ಹುಳ ಗೂಡು ಕಟ್ಟಲು ಇನ್ನೆರಡು ದಿನವಿತ್ತು. ಸೊಪ್ಪು ಹಾಕುತ್ತಿದ್ದ ಅಕ್ಕ ಕೈ ನಿಲ್ಲಿಸಿ, “ಬತ್ತೈತೆ ಕಣ್ಲಾ, ತಗಂಬಾ” ಅಂದಳು. ಚೀಲಕ್ಕೆ ಮೂರು ಹೆಜ್ಜೆ. ಹುಳಕ್ಕೆ ತಾಗೀತೆಂದು ಒಳಗೆ ತರಲಿಲ್ಲ. ಅವಳ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದುಕೊಂಡು ಹೋದೆ. ಹೊಸ್ತಿಲು ದಾಟುವಷ್ಟರಲ್ಲಿ ಹಲ್ಲು ಕಚ್ಚಿತ್ತು. ಸೀಲು ಒಡೆದು ತುಟಿಗಿಟ್ಟರೂ ಏನೂ ಒಳಗೆ ಹೋಗಲಿಲ್ಲ. ಎಷ್ಟು ಹೊತ್ತು ಒದ್ದಾಡಿದಳೋ. ನೆನೆದಾಗಲೆಲ್ಲ ಆ ಹೊತ್ತು ಇಷ್ಟಿಷ್ಟೇ ಚಿಕ್ಕದಾಗುತ್ತದೆ, ಹೆಜ್ಜೆ ಹತ್ತಾಗುತ್ತವೆ. ನಂಬಬೇಡಿ. ಮೂರೇ.

ಡೈರಿಯಲ್ಲಿ ಬರೆದೆ: ತಕ್ಷಣ ಕೊಟ್ಟೆ. ಬಿಡಲು ಬಹಳ ಹೊತ್ತಾಯಿತು. ಕೆಮ್ಮು ಇಲ್ಲ.

ಮುಂದಿನ ಭೇಟಿಯಲ್ಲಿ ಡಾಕ್ಟರು ಅದನ್ನು ಓದಿ, ಕೊಟ್ಟರೂ ಇಷ್ಟು ಹೊತ್ತು ಬಿಡಲಿಲ್ಲವೆಂದರೆ ಇವರಿಗೆ ಇದನ್ನು ನಿಲ್ಲಿಸಬೇಕಾದೀತು ಎಂದರು. ಅಕ್ಕನಿಗೆ ಇಷ್ಟು ವರ್ಷಗಳಲ್ಲಿ ನಾಟಿದ ಔಷಧಿ ಅದೊಂದೇ. ಏನಾದರೂ ನೆನಪಿದೆಯೇ ಎಂದು ಅವಳನ್ನೇ ಕೇಳಿದರು.

“ನಂಗೇನ್ ಗೊತ್ತು ಸಾ. ನನ್ ತಮ್ಮ ಬರ್ದವ್ನಲ್ಲ.”

ಆಗ ಹೇಳಿಬಿಟ್ಟೆ. ಧೈರ್ಯದಿಂದಲ್ಲ, ಅವಳ ಆ ಮಾತನ್ನು ತಡೆದುಕೊಳ್ಳಲಾಗದೆ. ಡಾಕ್ಟರು ಬೈಯಲಿಲ್ಲ. ಆ ಸಾಲನ್ನು ಹೊಡೆದುಹಾಕಿ, ಆದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಿ ಎಂದರು. ಸ್ವಲ್ಪ ತಡವಾಯಿತು, ಔಷಧಿ ಒಳಗೆ ಹೋಗಲಿಲ್ಲ ಎಂದು ಬರೆದೆ. ‘ಸ್ವಲ್ಪ’ ಎಂಬುದನ್ನೂ ಹೊಡೆದುಹಾಕಿಸಿದರು. ಔಷಧಿ ಮುಂದುವರಿಯಿತು.

ವಾಪಸು ಬರುವಾಗ ಬಸ್ಸು ಹಾರೋಹಳ್ಳಿ ದಾಟಿತು. ಅಕ್ಕ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: “ಆ ಸಲದ ಗೂಡು ಚೆಂದಾಗಿ ಬಂದಿತ್ತಲ್ವೇನ್ಲಾ?”

ಬಂದಿತ್ತು.

ಮನೆಗೆ ಬಂದವಳೇ ಮೊಳೆಯಿಂದ ಚೀಲ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಪ್ಪಿನ ಕುಕ್ಕೆ ಎತ್ತಿ ಹುಳದ ಮನೆಯೊಳಗೆ ಹೋದಳು. ನನ್ನನ್ನು ಕೇಳಲಿಲ್ಲ.