ಲಗತ್ತು ಸಹಿತ

ತಿಪಟೂರಿನ ಕಚೇರಿ ಬೀದಿಯಲ್ಲಿ ಅರ್ಜಿ ಬರೆದುಕೊಡುತ್ತಿದ್ದ ಆ ಹಿರಿಯರಿಗೆ ‘ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್’ ಇಲ್ಲದ ಕಾಗದವೆಂದರೆ ಉಪ್ಪಿಲ್ಲದ ಸಾರು. “ಒಳಗೆ ಇಟ್ಟಿದೀನಿ, ನೋಡ್ಕಳಿ ಅಂತ ಅರ್ಥ ಕಣಪ್ಪ. ಬರದ್ಮೇಲೆ ಏನಾರಾ ಇಡ್ಲೇಬೇಕು, ಇಲ್ದಿದ್ರೆ ಸುಳ್ಳಾಯ್ತದೆ,” ಎನ್ನುತ್ತಾ ಕನ್ನಡಕವನ್ನು ಹಣೆಗೇರಿಸುತ್ತಿದ್ದರು.

ತೆಂಗಿನ ತೋಟದ ಪಂಪ್‌ಸೆಟ್ಟಿಗೆ ಕರೆಂಟು ಕೇಳಿ ಕೇಳಿ ಸೋತಿದ್ದ ನಮ್ಮಪ್ಪ ಕೊನೆಗೆ ಅವರಿಂದಲೇ ಅರ್ಜಿ ಬರೆಸಿದರು. ಒಳಗಿಡಲು ಏನೂ ಇರಲಿಲ್ಲ. ಅವರು ಅಪ್ಪನ ಚೀಲಕ್ಕೆ ಕೈಹಾಕಿ, ಒಂದು ಕೊಬ್ಬರಿ ಗಿಟುಕು ತೆಗೆದು, ಲಕೋಟೆಗೆ ತುರುಕಿ ದಾರ ಸುತ್ತಿದರು.

ತಿಂಗಳೊಳಗೆ ಕರೆಂಟ್ ಆಫೀಸಿನಿಂದ ಉತ್ತರ ಬಂತು. ಅಪ್ಪ ಅದನ್ನು ಆ ಹಿರಿಯರ ಕೈಗೇ ಕೊಟ್ಟರು.

“ಸರಿಯಾಗ್ ಬರದ್ರೆ ಉತ್ತರ ಬಂದೇ ಬತ್ತದೆ!” ಎಂದು ಎದ್ದುನಿಂತು, ಬೀದಿಗೆಲ್ಲ ಕೇಳುವಂತೆ ಓದಿದರು: “ಸದರಿ ಅರ್ಜಿ ಪರಿಶೀಲನೆಯಲ್ಲಿದೆ. ಈ ಕಚೇರಿಯಲ್ಲಿ ಹನ್ನೊಂದು ಮಂದಿ ನೌಕರರಿದ್ದು, ತಾವು ಲಗತ್ತಿಸಿರುವುದು ಸಾಲದಾಗಿದೆ.”