ಮೂರು ಪಾಲಾದ ಮಳೆ

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು, ಅಳತೆಯ ಗಾಜಿನ ಲೋಟವನ್ನು ಮೂಗಿನ ನೇರಕ್ಕೆ ಹಿಡಿದು, ಒಂದೇ ಕಣ್ಣಲ್ಲಿ ನೀರಿನ ಮಟ್ಟ ನೋಡಿ ನೋಡಿ ಆ ರೆಪ್ಪೆ ಹಾಗೇ ನಿಂತುಬಿಟ್ಟಿತ್ತೋ ಏನೋ. ಹನಕೆರೆ ಹತ್ತಿರ ಕಬ್ಬಿನ ಪ್ರಯೋಗ ನಡೆಯುವ ನಮ್ಮ ಸಂಶೋಧನಾ ಕೇಂದ್ರದಲ್ಲಿ ಮಳೆ ಅಳೆದು ಪುಸ್ತಕಕ್ಕೆ ಬರೆಯುವುದು ಅವರ ಕೆಲಸ. ಎಲ್ಲರೂ ಮಳೆಯಣ್ಣ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಗುತ್ತಿಗೆ ಮೇಲೆ ಅಲ್ಲಿಗೆ ಸೇರಿದಾಗ ಅವರ ನಿವೃತ್ತಿಗೆ ಆರು ತಿಂಗಳು ಉಳಿದಿತ್ತು. ಮಳೆಯ ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ನನಗೆ ಕೊಟ್ಟ ಕೆಲಸ. ಏರಿಸಿಬಿಟ್ಟರೆ ಯಾವ ಮೂಲೆಯಲ್ಲಿ ಓದುವ ಮಕ್ಕಳಾದರೂ ಕೂತಲ್ಲೇ ತೆರೆದು ನೋಡಬಹುದು ಎಂದು ಕೇಂದ್ರದ ಮುಖ್ಯಸ್ಥರಾದ ಸಾಹೇಬರು ಹೇಳಿದ್ದರು. ಮದ್ದೂರಿನಲ್ಲಿ ಬೆಳಗಿನ ರೈಲು ಹತ್ತಿ, ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದೆ. ಎಂಟೂವರೆಗೆ ಅಳತೆ ಮುಗಿಸಿ, ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತ ಅವರು ನನ್ನ ಮೇಜಿನ ಹತ್ತಿರ ಬರುವರು.

"ಏನವ್ವ, ನಿನ್ ಪೆಟ್ಗೆ ನೆನ್ನೆ ಎಷ್ಟ್ ನುಂಗ್ತು?"

"ಎರಡು ತಿಂಗಳು ಅಣ್ಣ. ಮುಕ್ಕಾಲು ಪಾಲು ಬರೀ ಸೊನ್ನೆ. ಬೇಜಾರಾಗಿಬಿಡ್ತು."

"ಸೊನ್ನೆ ಅಂತ ಅಸಡ್ಡೆ ಮಾಡ್ಬ್ಯಾಡ ಕಣವ್ವ. ಮಳೆ ಬರ್ನಿಲ್ಲ ಅಂತ ಬರಿಯಕ್ಕೂ ಓಗಿ ನೋಡಿರ್ಬೇಕು."

ನಿಜವಾಗಿಯೂ ಅವರು ಹೋಗಿ ನೋಡಿದ್ದರು. ಯುಗಾದಿ, ಮಾರ್ನಾಮಿ, ಜ್ವರ ಬಂದ ದಿನ, ಎಲ್ಲ ಪುಟದಲ್ಲೂ ಅದೇ ಗುಂಡು ಅಕ್ಷರ. ಹೆಂಡತಿ ತೀರಿಕೊಂಡ ದಿನವೂ ಬಂದು ಅಳೆದು ಬರೆದು, ಆಮೇಲೆ ಮಣ್ಣಿಗೆ ಹೋದರಂತೆ. ಗಾಜಿನ ಲೋಟವನ್ನು ಮಾತ್ರ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಒಡೆದುಹಾಕುತ್ತಾರೆ ಎಂಬ ಭಯ.

ಬೀಳ್ಕೊಡುಗೆಗೆ ಒಂದು ವಾರವಿತ್ತು. 'ಒಂದು ದಿನವೂ ತಪ್ಪದೆ ಮಳೆ ಅಳೆದವರು' ಎಂದು ಬರೆಸಿದ ಫಲಕ ಮಂಡ್ಯದ ಅಂಗಡಿಯಿಂದ ಬಂದು ಸಾಹೇಬರ ಕೋಣೆಯಲ್ಲಿತ್ತು. ಅದೇ ವಾರ ನನಗೆ ಪರದೆಯ ಮೇಲೆ, ಎಷ್ಟೋ ವರ್ಷ ಹಿಂದಿನ ತಿಂಗಳೊಂದರಲ್ಲಿ, ಮೂರು ದಿನ ಸಾಲಾಗಿ ಒಂದೇ ಅಂಕಿ ಕಂಡಿತು. ಹನ್ನೊಂದು ಪಾಯಿಂಟ್ ನಾಲ್ಕು ಮಿಲಿಮೀಟರ್, ಹನ್ನೊಂದು ಪಾಯಿಂಟ್ ನಾಲ್ಕು, ಹನ್ನೊಂದು ಪಾಯಿಂಟ್ ನಾಲ್ಕು. ನಾನೇ ಕೈತಪ್ಪಿ ಮೂರು ಸಲ ಒತ್ತಿದ್ದೇನೆ ಎಂದುಕೊಂಡು ಪುಸ್ತಕ ತೆಗೆದೆ. ಅಲ್ಲಿಯೂ ಹಾಗೇ ಇತ್ತು.

"ಅಣ್ಣ, ಇದೇನು, ಮೂರು ದಿನವೂ ಒಂದೇ ಸಮ ಹೊಯ್ದಿದೆ?" ಎಂದೆ. ತಮಾಷೆಗೇ ಕೇಳಿದ್ದು.

ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ಟವಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಮಾರನೆಯ ದಿನ ಅಳತೆ ಮುಗಿಸಿ ಬಂದವರು ಟವಲನ್ನು ತೊಡೆಯ ಮೇಲೆ ಮಡಿಸುತ್ತ ಕೂತರು.

"ಮಗಳ ಮುಡಿ ತೆಗ್ಸಕ್ಕೆ ಕೋಳಿ ಕೂಗೋ ಒತ್ಗೇ ಮುತ್ತತ್ತಿಗೆ ಓಗಿದ್ದೆ ಕಣವ್ವ. ಸಂಜ್ಗೆ ಬತ್ತೀನಿ ಅಂತ ಯಾರ್ಗೂ ಏಳ್ದೆ ಓದೋನು. ನೆಂಟ್ರು ಬುಡ್ನಿಲ್ಲ. ಮೂರ್ನೇ ದಿನ ಬೆಳಿಗ್ಗೆ ಓಡಿ ಬಂದು ನೋಡ್ತೀನಿ, ಮೂರು ದಿನದ್ದೂ ಒಂದೇ ಪಾತ್ರೇಲದೆ. ಯಾವತ್ತು ಎಷ್ಟು ಉಯ್ತು ಅಂತ ಆ ಅನ್ಮಂತರಾಯನ್ಗೇ ಗೊತ್ತು. ಗುಡ್ಡೆಬಾಡು ಆಕ್ದಂಗೆ ಮೂರು ಸಮಪಾಲು ಆಕ್ಬುಟ್ಟೆ."

ನಮ್ಮ ಕಡೆ ನಾಲ್ಕಾರು ಮನೆಯವರು ಸೇರಿ ಕುರಿಮರಿ ಕೊಯ್ಯಿಸಿದರೆ ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಸಮ ಹಂಚುತ್ತಾರೆ. ಯಾರಿಗೂ ಅನ್ಯಾಯವಾಗಬಾರದೆಂದು. ಮಳೆಗೂ ಅವರು ಅದೇ ನ್ಯಾಯ ಮಾಡಿದ್ದರು. ನನಗೆ ನಗು ಬಂತು, ಅವರ ಮುಖ ನೋಡಿ ನಿಂತಿತು.

ನಾನು ಬೇಡವೆಂದರೂ ಕೇಳದೆ ಸಾಹೇಬರ ಕೋಣೆಗೆ ಹೋದರು, ನಾನು ಹಿಂದೆ ಹೋಗಿ ಬಾಗಿಲ ಬಳಿ ನಿಂತೆ. ಸಾಹೇಬರು ಒಳ್ಳೆಯವರು.

"ಬಿಡಿ ಯಜಮಾನ್ರೆ, ಇಷ್ಟು ವರ್ಷದಲ್ಲಿ ಮೂರು ದಿನ. ಯಾರು ನೋಡ್ತಾರೆ?"

"ಎಲ್ರೂ ನೋಡ್ತಾರೆ ಅಂತ ನೀವೇ ಏಳಿದ್ರಲ್ಲ ಸಾರ್. ಪುಸ್ತಕ ಬೀರುವಲ್ಲಿದ್ದಾಗ ನಾನೊಬ್ನೇ ಸುಳ್ಳುಗಾರ. ಈಗ ಇದ್ನ ನೋಡ್ಕೊಂಡು ಲೆಕ್ಕ ಆಕೋ ಮಕ್ಳನ್ನೂ ಸುಳ್ಳುಗಾರ್ರ ಮಾಡ್ಬುಡ್ತೀನಲ್ಲ."

ಸಾಹೇಬರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ನನ್ನನ್ನು ಕರೆದು, ಮೊದಲ ಎರಡು ದಿನ ಖಾಲಿ ಬಿಟ್ಟು, ಮೂರನೆಯ ದಿನಕ್ಕೆ ಒಟ್ಟು ಮಳೆ ಬರೆದು, ಪಕ್ಕದಲ್ಲಿ ಕಾರಣ ನಮೂದಿಸಿ ಎಂದರು. ಮಳೆಯಣ್ಣ ನನ್ನ ಹಿಂದೆಯೇ ನಿಂತು, ಎರಡು ಅಂಕಿಗಳೂ ಅಳಿಸಿಹೋಗುವ ತನಕ ನೋಡಿದರು.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿಕೊಂಡರು, ಹಣ್ಣಿನ ಬುಟ್ಟಿ ತೆಗೆದುಕೊಂಡರು. ಫಲಕಕ್ಕೆ ಕೈ ಚಾಚಲಿಲ್ಲ. "ಅದು ನಂದಲ್ಲ ಸಾರ್" ಎಂದಷ್ಟೇ ಹೇಳಿದರು. ಕಾರಣ ಗೊತ್ತಿಲ್ಲದವರು ಮುದುಕನಿಗೆ ಧಿಮಾಕು ಎಂದು ಆಡಿಕೊಂಡರು. ಅದು ಅವರ ಕಿವಿಗೂ ಬಿದ್ದಿತ್ತು.

ನಾನು ಯಾರಿಗೂ ಹೇಳದ ಒಂದು ವಿಷಯವಿತ್ತು. ಒಂದು ವರ್ಷದ ಪುಸ್ತಕ ಸೋರುವ ಚಾವಣಿಯಡಿ ನೆನೆದು, ಹದಿನಾಲ್ಕು ಪುಟಗಳ ಶಾಯಿ ಕಲಸಿಹೋಗಿತ್ತು. ಒಂದೋ ಏಳೋ ತಿಳಿಯದ ಕಡೆ ನಾನು ಅಂದಾಜಿನಲ್ಲಿ ಒತ್ತಿಕೊಂಡು ಹೋಗಿದ್ದೆ. ಗುತ್ತಿಗೆ ಕೆಲಸ, ಬೇಗ ಮುಗಿಸದಿದ್ದರೆ ಬೇರೆಯವರನ್ನು ತರುತ್ತಾರೆ ಎಂಬ ಹೆದರಿಕೆ. ಬೀಳ್ಕೊಡುಗೆಯ ಮಾರನೆಯ ಬೆಳಿಗ್ಗೆ ಸಾಹೇಬರ ಮುಂದೆ ಹೋಗಿ ನಿಂತೆ. ಬೈದರು. ತಿದ್ದಲು ಎರಡು ವಾರ ಕೊಟ್ಟರು. ಓದಲಾಗದ್ದನ್ನೆಲ್ಲ ಖಾಲಿ ಮಾಡಿದೆ.

ಮಳೆಯಣ್ಣ ಮಳವಳ್ಳಿ ಕಡೆಯ ತಮ್ಮ ಊರಿಗೆ ಹೋದರು. ಒಂದೂವರೆ ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು. ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಮೊನ್ನೆ ಯಾವುದೋ ಊರಿನಿಂದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಕೇಂದ್ರಕ್ಕೆ ಫೋನು ಮಾಡಿದ್ದಳು. "ಮೇಡಂ, ಇಲ್ಲಿ ಎರಡು ದಿನ ಖಾಲಿ ಇದೆ, ಅಳೆಯುವವರು ಊರಲ್ಲಿರಲಿಲ್ಲ ಅಂತ ಬರೆದಿದೆ. ಅಷ್ಟು ಹಳೇ ಸಂಗತಿ ನಿಮಗೆ ಹೇಗೆ ಗೊತ್ತಾಯ್ತು?"

"ಅವರೇ ಬಂದು ಹೇಳಿದರು ಕಣಮ್ಮ" ಎಂದೆ.

ನೆನೆದ ಪುಟಗಳ ವಿಷಯ ಅವಳು ಕೇಳಲಿಲ್ಲ. ಫೋನು ಇಡುವ ಮೊದಲು ಅದನ್ನು ನಾನೇ ಹೇಳಿದೆ.