ಹೊಲಿದವಳ ಗೌನು

ಆ ಬೀದಿಯಲ್ಲಿ ಸೂಜಿಯಕ್ಕ ಎಲ್ಲಿ ಎಂದರೆ ಸಾಕು, ಯಾರಾದರೂ ಮೆಟ್ಟಿಲ ಕೆಳಗಿನ ಕಿರಿದಾದ ಅಂಗಡಿಯತ್ತ ಕೈ ತೋರಿಸುತ್ತಿದ್ದರು. ಒಳಗೆ ಒಂದು ಹೊಲಿಗೆ ಯಂತ್ರ, ಗೋಡೆಯ ತುಂಬ ಕರಿಯ ಗೌನುಗಳು. ವಿಶ್ವವಿದ್ಯಾಲಯದಲ್ಲಿ ಪದವಿ ಪಡೆಯುವವರಿಗೆಲ್ಲ ಗೌನು ಹೊಲಿಯುವವಳು ಅವಳೇ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಲೇ ಇರುತ್ತಿತ್ತು. ದಾರ ಪೋಣಿಸುವಾಗ, 'ತೊಡುವವರಿಗೆ ಒಳ್ಳೆಯದಾಗಲಿ ದೇವರೇ' ಎಂದುಕೊಳ್ಳುವುದು ರೂಢಿ. ಅವಳ ಓದು ಮಾತ್ರ ಅಪ್ಪ ತೀರಿಕೊಂಡ ವರ್ಷವೇ ನಿಂತುಹೋಗಿತ್ತು.

ಒಂದು ದಿನ ವಿಶ್ವವಿದ್ಯಾಲಯದ ಮೇಡಂ ಒಬ್ಬರು ಬಂದು ಸ್ಟೂಲಿನ ಮೇಲೆ ಕುಳಿತರು. ದುಡಿಯುವವರಿಗಾಗಿ ಸಂಜೆ ತರಗತಿ ಶುರುವಾಗಿದೆ, ಶಾಲೆ ಬಿಟ್ಟವರನ್ನೂ ತಯಾರು ಮಾಡಿ ಸೇರಿಸಿಕೊಳ್ಳುತ್ತೇವೆ, ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೂ ಇದ್ದಾರೆ ಎಂದರು.

"ಗೌನು ಹೊಲಿಯೋದು ನನ್ನ ಕೆಲಸ ಮೇಡಂ. ಹಾಕ್ಕೊಳ್ಳೋರು ಬೇರೆ."

"ಹಾಗಂತ ಯಾರು ಹೇಳಿದ್ದು? ನಾವು ಬಾಗಿಲು ತೆಗೆದು ಒಳಗೆ ಕೂತ್ರೆ ನೀವ್ಯಾರೂ ಬರಲ್ಲ. ಅದಕ್ಕೇ ನಾನೇ ಕರೆಯೋಕೆ ಬಂದೆ."

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಅತ್ತೆ ತಲೆ ಎತ್ತಿದರು. "ಹೋಗೇ. ಸಂಜೆ ಅಂಗಡಿ, ಒಲೆ ಎರಡೂ ನನಗಿರಲಿ. ಆದ್ರೆ ನೀನು ಆ ವೇದಿಕೆ ಹತ್ತೋದನ್ನ ನಾನು ಕಣ್ಣಾರೆ ನೋಡ್ಬೇಕು. ನಡುವೆ ಬಿಟ್ಟು ಬಂದ್ಯೋ, ನಿನಗೆ ಊಟ ಇಲ್ಲ."

ಸೂಜಿಯಕ್ಕ ತನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದಳು. ಮೊದಮೊದಲು ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದಳು, ಓಡಿಹೋಗಲು ಅನುಕೂಲವಾಗಲೆಂದು. ಆದರೆ ಅಲ್ಲಿ ಗೊತ್ತಿಲ್ಲ ಎನ್ನಲು ಯಾರೂ ನಾಚುತ್ತಿರಲಿಲ್ಲ. ಬಸ್ಸು ಓಡಿಸುವ ಅಣ್ಣ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಕೇಳುತ್ತಿದ್ದ, ಮೇಡಂ ಮತ್ತೆ ಮತ್ತೆ ಹೇಳುತ್ತಿದ್ದರು. ಹೀಗೆ ವರ್ಷಗಳು ಉರುಳಿ ಎಲ್ಲರೂ ಪಾಸಾದರು.

ಪದವಿಯ ದಿನ ಬಂತು. ಸಂಜೆ ತರಗತಿಯವರ ಗೌನುಗಳನ್ನು ಸೂಜಿಯಕ್ಕ ಒಬ್ಬೊಬ್ಬರ ಮುಖ ನೆನೆಸಿಕೊಂಡು ಕಣ್ಣಳತೆಯಲ್ಲೇ ಹೊಲಿದಿದ್ದಳು. ವೇದಿಕೆಯ ಪಕ್ಕದ ಕೋಣೆಯಲ್ಲಿ ಗಂಟು ಬಿಚ್ಚಿ ಹಂಚಿದಳು. ಎಲ್ಲರಿಗೂ ಸಿಕ್ಕಿತು. ಗಂಟು ಬರಿದಾಯಿತು. ನೆನೆಯದೆ ಉಳಿದ ಮುಖ ಒಂದೇ, ಅವಳದು.

ಗೌನಿಲ್ಲದೆ ವೇದಿಕೆ ಹತ್ತುವಂತಿರಲಿಲ್ಲ. ಪರದೆಯ ಸಂದಿಯಿಂದ ನೋಡಿದರೆ, ಅತ್ತೆ ಇಬ್ಬರು ಮೊಮ್ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣು ಮಿಟುಕಿಸದೆ ವೇದಿಕೆಯನ್ನೇ ನೋಡುತ್ತಿದ್ದರು. ಸೂಜಿಯಕ್ಕ ಬರಿದಾದ ಗಂಟನ್ನು ಬಸ್ಸಿನಣ್ಣನಿಗೆ ತೋರಿಸಿದಳು.

"ಅಯ್ಯೋ, ಅಷ್ಟೇ ತಾನೆ?" ಎಂದ ಬಸ್ಸಿನಣ್ಣ. "ನನ್ನದು ಮೊದಲ ಹೆಸರು, ನಿನ್ನದು ಕೊನೇದು. ಇಳಿದವನೇ ಬಿಚ್ಚಿಕೊಡ್ತೀನಿ."

"ಅಣ್ಣಾ, ಅದರಲ್ಲಿ ನನ್ನಂಥವರು ಇಬ್ಬರು ಹಿಡಿಸ್ತಾರೆ."

"ಬಸ್ಸಲ್ಲಿ ಎಷ್ಟು ಜನ ಹಿಡಿಸ್ತಾರೆ ಅಂತ ನನ್ನನ್ನು ಕೇಳು. ನಿಂತ್ಕೋ ಸುಮ್ನೆ."

ಅವನು ಪದವಿ ಪಡೆದು, ಹಿಂದಿನ ಮೆಟ್ಟಿಲು ಇಳಿದು ಏದುಸಿರು ಬಿಡುತ್ತ ಬಂದ. ಬಂದವನೇ ಗೌನನ್ನು ಅವಳ ಹೆಗಲಿಗೆ ಹಾಕಿ ತಾನೇ ಅಂಚು ಮಡಚತೊಡಗಿದ.

"ಮೆಲ್ಲಗೆ ಅಣ್ಣಾ, ಅದು ಸ್ಟೀರಿಂಗ್ ಅಲ್ಲ, ಗುಂಡುಸೂಜಿ. ಚುಚ್ಚಬೇಕಾದ್ದು ಬಟ್ಟೆಗೆ, ನನ್ನ ಕಾಲಿಗಲ್ಲ."

ಕೊನೆಯ ಹೆಸರು ಕೂಗಿದರು. ತೋಳಿನೊಳಗೆ ಕೈ ಮುಳುಗಿಸಿಕೊಂಡು, ಅಂಚು ಎತ್ತಿ ಹಿಡಿದುಕೊಂಡು ಸೂಜಿಯಕ್ಕ ವೇದಿಕೆ ಹತ್ತಿದಳು. ಇಷ್ಟು ವರ್ಷ ಊರಿಗೆಲ್ಲ ಬೇಡಿಕೊಂಡ ಮಾತು ಅಂದು ಮೊದಲ ಸಲ ತನಗಾಗಿಯೂ ಬಾಯಿಗೆ ಬಂತು. ಸಂಜೆ ತರಗತಿಯವರ ಚಪ್ಪಾಳೆ ಉಳಿದವರದ್ದನ್ನೆಲ್ಲ ನುಂಗಿಹಾಕಿತು.

ಕೆಳಗಿಳಿದಾಗ ಅತ್ತೆಯ ಕಣ್ಣು ಒದ್ದೆಯಾಗಿತ್ತು. ನಾಲಿಗೆ ಮಾತ್ರ ಎಂದಿನಂತೆ ಚುರುಕು. "ಎಲ್ಲರ ಮೈಗೂ ಅಚ್ಚುಕಟ್ಟಾಗಿ ಕೂತಿದೆ. ನಿನ್ನದು ಮಾತ್ರ ಯಾಕೆ ಗೋಣಿಚೀಲ?"

"ನನಗೆ ಹೊಲ್ಕೊಳ್ಳೋದೇ ಮರೆತೆ ಅತ್ತೆ."

"ಮರೀತಾರೇನೇ? ಇನ್ನೂ ಮುಂದಕ್ಕೆ ಓದು ಅಂತಿದ್ರು ನಿಮ್ಮ ಮೇಡಂ." ಅತ್ತೆ ಗೌನಿನ ಕೊರಳಿಗೆ ಕೈ ಹಾಕಿ, ಒಳಗೆ ನೇತಾಡುತ್ತಿದ್ದ ಅಳತೆ ಟೇಪನ್ನು ಎಳೆದುಕೊಂಡರು. "ತಿರುಗು ಆ ಕಡೆ. ಮುಂದಿನ ಗೌನಿಗೆ ಅಳತೆ ಈಗಲೇ ತಗೋತೀನಿ."